ಮೂರು ಡೋಸ್ ಆಗಿದೆ, ಆದರೂ ಪಾರ್ವೋ ಬಂತು: ನಾಯಿಮರಿ ಲಸಿಕೆಯಲ್ಲಿ ತಪ್ಪುತ್ತಿರುವ ಲೆಕ್ಕ

'ಡಾಕ್ಟ್ರೇ, ಮೂರು ಇಂಜೆಕ್ಷನ್ ಹಾಕ್ಸಿದ್ದೀವಲ್ಲ, ಆದ್ರೂ ಹೆಂಗೆ ಬಂತು?'

ಊರಿನ ಯಾವ ಪಶು ಆಸ್ಪತ್ರೆಗೆ ಹೋದರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಮರಿ ವಾಂತಿ ಮಾಡುತ್ತಿರುತ್ತದೆ, ರಕ್ತ ಬೆರೆತ ಭೇದಿ ಆಗುತ್ತಿರುತ್ತದೆ. ಕಿಟ್ ಹಾಕಿ ನೋಡಿದರೆ ಪಾರ್ವೋ, ಮರಿಗಳ ಕರುಳಿಗೆ ತಗಲುವ ವೈರಸ್ ರೋಗ. ಮಾಲೀಕರ ಕೈಯಲ್ಲಿ ಲಸಿಕೆ ಪುಸ್ತಕ ಇರುತ್ತದೆ. ಅದರಲ್ಲಿ ಮೂರು ಸ್ಟಿಕ್ಕರ್, ಮೂರು ಸಹಿ. ಎಲ್ಲ ಸರಿಯಾಗಿಯೇ ಇದೆಯಲ್ಲ ಅನ್ನಿಸುತ್ತದೆ.

ತಾರೀಕುಗಳನ್ನು ಮರಿಯ ಹುಟ್ಟಿದ ದಿನದ ಜೊತೆ ಇಟ್ಟು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಮೊದಲನೇ ಡೋಸ್ ಐದನೇ ವಾರ, ಎರಡನೆಯದು ಏಳನೇ ವಾರ, ಮೂರನೆಯದು ಹತ್ತನೇ ವಾರ. ಅಲ್ಲಿಗೆ 'ಕೋರ್ಸ್ ಮುಗೀತು' ಎಂದು ಪುಸ್ತಕ ಬೀರುವಿಗೆ ಹೋಗಿರುತ್ತದೆ. ಇಂಥ ಮರಿಗೆ ಮೂರು ಡೋಸ್ ಬಿದ್ದಿರುವುದು ನಿಜ. ಮೂರೂ ವ್ಯರ್ಥ ಆಗಿರುವ ಸಾಧ್ಯತೆಯೂ ಅಷ್ಟೇ ನಿಜ.

ನಮ್ಮಲ್ಲಿ ನಾಯಿ ಸಾಕುವವರು ಲಸಿಕೆಗೆ ಬೇಡ ಅನ್ನುವವರಲ್ಲ. ದುಡ್ಡು ಕೊಟ್ಟು, ರಜೆ ಹಾಕಿ ಕರೆದುಕೊಂಡು ಹೋಗುತ್ತಾರೆ. ಎಡವುತ್ತಿರುವುದು ಲೆಕ್ಕದಲ್ಲಿ. 'ಎಷ್ಟು ಡೋಸ್ ಆಯ್ತು' ಎಂದು ಎಣಿಸುತ್ತೇವೆ. 'ಕೊನೆಯ ಡೋಸ್ ಹಾಕಿದಾಗ ಮರಿಗೆ ಎಷ್ಟು ವಾರ ಆಗಿತ್ತು' ಎಂದು ಕೇಳುವವರು ಕಡಿಮೆ.

ಗಿಣ್ಣು ಹಾಲಿನ ರಕ್ಷಣೆ, ಗಿಣ್ಣು ಹಾಲಿನ ಅಡ್ಡಿ

ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯಗಳು ತೀರಾ ಕಡಿಮೆ. ಬೇಕಾದ್ದರಲ್ಲಿ ಬಹುಪಾಲು ಬರುವುದು ತಾಯಿಯ ಗಿಣ್ಣು ಹಾಲಿನಿಂದ. ಅದಕ್ಕೂ ಸಿಗುವುದು ಹುಟ್ಟಿದ ಮೊದಲ 24 ಗಂಟೆ ಮಾತ್ರ. ಆಮೇಲೆ ಮರಿಯ ಕರುಳು ಪ್ರತಿಕಾಯಗಳನ್ನು ಹಾಗೇ ರಕ್ತಕ್ಕೆ ದಾಟಿಸುವುದನ್ನು ನಿಲ್ಲಿಸಿಬಿಡುತ್ತದೆ. ಹಾಗಾಗಿ ತಾಯಿಗೆ ಲಸಿಕೆ ಆಗಿತ್ತೇ, ಮರಿ ಮೊದಲ ದಿನ ಹೊಟ್ಟೆ ತುಂಬ ಕುಡಿಯಿತೇ, ಎಂಟು ಮರಿಗಳ ಗದ್ದಲದಲ್ಲಿ ಇದೊಂದು ಹಿಂದೆ ಉಳಿಯಿತೇ ಎನ್ನುವುದರ ಮೇಲೆ ಒಂದೊಂದು ಮರಿಯ ಪಾಲು ಒಂದೊಂದು ಥರ ಆಗುತ್ತದೆ. ಒಂದೇ ಬಾಣಂತನದ ಅಣ್ಣತಮ್ಮಂದಿರಲ್ಲೂ ಈ ವ್ಯತ್ಯಾಸ ಇರುತ್ತದೆ.

ಈ ಪ್ರತಿಕಾಯಗಳು ದಿನೇ ದಿನೇ ಕರಗುತ್ತವೆ. ಪಾರ್ವೋ ವಿಷಯದಲ್ಲಿ ಸುಮಾರು 9–10 ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತವೆ. ಇರುವಷ್ಟು ದಿನ ಮರಿಯನ್ನು ಕಾಯುತ್ತವೆ. ಆದರೆ ಅವಕ್ಕೆ ಬೀದಿಯಿಂದ ಬಂದ ವೈರಸ್ಸೂ ಒಂದೇ, ಸಿರಿಂಜಿನಿಂದ ಬಂದ ವೈರಸ್ಸೂ ಒಂದೇ. ಪಾರ್ವೋ ಮತ್ತು ನಾಯಿಗಳ ಇನ್ನೊಂದು ವೈರಸ್ ರೋಗವಾದ ಡಿಸ್ಟೆಂಪರ್ ಲಸಿಕೆಗಳಲ್ಲಿ ಇರುವುದು ಬಲ ಕುಂದಿಸಿದ ಜೀವಂತ ವೈರಸ್. ಅದು ಮರಿಯ ಮೈಯಲ್ಲಿ ಸ್ವಲ್ಪ ಬೆಳೆದರೆ ಮಾತ್ರ ಮರಿ ತನ್ನದೇ ರಕ್ಷಣೆ ಕಟ್ಟಿಕೊಳ್ಳಲು ಶುರು ಮಾಡುತ್ತದೆ. ತಾಯಿಯ ಪ್ರತಿಕಾಯ ಬೇಕಾದಷ್ಟು ಇದ್ದರೆ ಲಸಿಕೆಯ ವೈರಸ್ಸನ್ನು ಬಂದ ಕೂಡಲೇ ಹಿಡಿದು ಮುಗಿಸಿಬಿಡುತ್ತವೆ. ಇಂಜೆಕ್ಷನ್ ಆಯ್ತು, ಸ್ಟಿಕ್ಕರ್ ಅಂಟಿಸಿದ್ದೂ ಆಯ್ತು, ಮರಿ ಮಾತ್ರ ಏನೂ ಕಲಿಯಲಿಲ್ಲ.

ಇನ್ನೂ ಕಷ್ಟದ ಕೆಲವು ವಾರಗಳಿವೆ. ಆಗ ತಾಯಿಯ ಪ್ರತಿಕಾಯ ರೋಗ ತಡೆಯಲು ಸಾಲದಷ್ಟು ಇಳಿದಿರುತ್ತದೆ, ಆದರೆ ಲಸಿಕೆಯನ್ನು ಕೆಡಿಸಲು ಸಾಕಾಗುವಷ್ಟು ಉಳಿದಿರುತ್ತದೆ. ಕೆಲವು ಮರಿಗಳಲ್ಲಿ ಈ ಸಂದಿ ಎಂಟನೇ ವಾರಕ್ಕೇ ಮುಗಿಯುತ್ತದೆ. ಕೆಲವಲ್ಲಿ ಹದಿನಾಲ್ಕು, ಹದಿನೈದು ವಾರದ ತನಕ ಎಳೆಯುತ್ತದೆ. ಮರಿಯ ಮುಖ ನೋಡಿ ಹೇಳಲು ಬರುವುದಿಲ್ಲ.

ಮರಿಗಳಿಗೆ ಒಂದರ ಹಿಂದೊಂದು ಡೋಸ್ ಹಾಕುವುದು ಈ ಕಾರಣಕ್ಕೆ. ಮೊದಲನೆಯದು ಅರ್ಧ ಬಲ, ಎರಡನೆಯದು ಇನ್ನರ್ಧ ಬಲ ಎಂಬ ಲೆಕ್ಕ ಇಲ್ಲಿಲ್ಲ. ಈ ಮರಿಯ ಬಾಗಿಲು ಯಾವ ದಿನ ತೆರೆಯುತ್ತದೋ ಗೊತ್ತಿಲ್ಲ, ಅದಕ್ಕೇ ಎರಡರಿಂದ ನಾಲ್ಕು ವಾರಕ್ಕೊಮ್ಮೆ ತಟ್ಟಿ ನೋಡುತ್ತೇವೆ. ಬಹುತೇಕ ಎಲ್ಲ ಮರಿಗಳಲ್ಲೂ ತಾಯಿಯ ಪ್ರತಿಕಾಯ ಅಡ್ಡಿಯಾಗದಷ್ಟು ಇಳಿಯುವುದು 16ನೇ ವಾರದ ಹೊತ್ತಿಗೆ. ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘಟನೆಯಾದ ಡಬ್ಲ್ಯೂಎಸ್‌ಎವಿಎ ತನ್ನ 2024ರ ಮಾರ್ಗಸೂಚಿಯಲ್ಲಿ ಹೇಳುವುದೂ ಇದನ್ನೇ. 6–8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಹಾಕುತ್ತಾ ಹೋಗಿ, ಕೊನೆಯದು 16 ವಾರಕ್ಕೆ ಅಥವಾ ಅದು ದಾಟಿದ ಮೇಲೆ ಬೀಳಲಿ. ಎಂಟನೇ ವಾರಕ್ಕೆ ಶುರು ಮಾಡಿದವರಿಗೆ ಮೂರು ಡೋಸಿಗೆ ಮುಗಿಯಬಹುದು. ಆರನೇ ವಾರಕ್ಕೆ ಶುರು ಮಾಡಿದವರಿಗೆ ನಾಲ್ಕು ಬೇಕಾಗಬಹುದು. ಸಂಖ್ಯೆ ಬದಲಾಗುತ್ತದೆ, ಕೊನೆಯ ವಾರ ಬದಲಾಗುವುದಿಲ್ಲ.

ಹದಿನಾರು ವಾರಕ್ಕೂ ಒಪ್ಪದ ಮರಿಗಳು ಕೆಲವು ಇದ್ದೇ ಇರುತ್ತವೆ. ಅವಕ್ಕಾಗಿ ಇನ್ನೊಂದು ಡೋಸ್ ಇದೆ. ಮೊದಲೆಲ್ಲ ಅದನ್ನು 'ವರ್ಷದ ಬೂಸ್ಟರ್' ಎಂದು ವರ್ಷ ತುಂಬಿದ ಮೇಲೆ ಹಾಕುತ್ತಿದ್ದರು. ಅಷ್ಟು ದಿನ ಆ ಮರಿ ರಕ್ಷಣೆ ಇಲ್ಲದೆ ಓಡಾಡಿಕೊಂಡಿರುತ್ತಿತ್ತು. ಈಗಿನ ಸಲಹೆ ಅದನ್ನು ಆರು ತಿಂಗಳಿಗೇ ಮುಗಿಸಿ ಅನ್ನುತ್ತದೆ. ನಮ್ಮ ಊರುಗಳಲ್ಲಿ ಪಾರ್ವೋ ಇರುವ ಪರಿ ನೋಡಿದರೆ ಈ ಬದಲಾವಣೆ ತಡವಾಗಿ ಬಂತು ಎಂದೇ ನನ್ನ ಭಾವನೆ.

ಐದನೇ ವಾರದ ಸ್ಟಿಕ್ಕರ್ ಎಲ್ಲಿಂದ ಬರುತ್ತದೆ

ಮರಿ ಮಾರುವವರಿಂದ. 'ಫಸ್ಟ್ ಶಾಟ್ ಆಗಿದೆ ಸರ್' ಅನ್ನುವುದು ಮಾರಾಟದ ಮಾತು. ಒಂದು ತಿಂಗಳ ಮರಿ ನೋಡಲು ಮುದ್ದು, ಬೇಗ ಖರ್ಚಾಗುತ್ತದೆ. ಇನ್ನೂ ಒಂದು ತಿಂಗಳು ಇಟ್ಟುಕೊಂಡರೆ ಊಟದ ಖರ್ಚು, ಕಾಯಿಲೆಯ ಭಯ. ಹಾಗಾಗಿ 30–35 ದಿನಕ್ಕೇ ಕೈ ಬದಲಾಗುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಿಯಮ ಹಾಳೆಯ ಮೇಲಿದೆ. ವಾಟ್ಸಾಪ್ ಗುಂಪುಗಳಲ್ಲಿ ನಡೆಯುವ ವ್ಯಾಪಾರ ನೋಡಿದವರಿಗೆ ಅದರ ಗತಿ ಗೊತ್ತು.

ಐದು, ಆರನೇ ವಾರದ ಡೋಸ್ ದಂಡ ಎಂದು ನಾನು ಹೇಳುತ್ತಿಲ್ಲ. ಪಾರ್ವೋ ಹಾವಳಿ ಇರುವ ಜಾಗದಲ್ಲಿ, ಗಿಣ್ಣು ಹಾಲು ಸರಿಯಾಗಿ ಸಿಗದ ಮರಿಗೆ ಅದೇ ಜೀವ ಉಳಿಸಬಹುದು. 'ಪಪ್ಪಿ ಡಿಪಿ' ಎಂದು ಕರೆಯುವ, ಡಿಸ್ಟೆಂಪರ್ ಮತ್ತು ಪಾರ್ವೋ ಎರಡಕ್ಕೇ ಇರುವ ಲಸಿಕೆ ಇಂಥ ಚಿಕ್ಕ ಮರಿಗಳಿಗೆಂದೇ ಬಂದಿದೆ. ಹಾಕಿಸಿ, ಬೇಡ ಅನ್ನುವುದಿಲ್ಲ. ಆ ಡೋಸನ್ನು ಕೋರ್ಸಿನ ಲೆಕ್ಕಕ್ಕೆ ಸೇರಿಸಿಕೊಂಡು ಕೊನೆಯಲ್ಲಿ ಒಂದನ್ನು ಕಳೆಯಬೇಡಿ, ಅಷ್ಟೇ.

ಈ ಎರಡು ರೋಗಗಳ ಬಗ್ಗೆ ಇಷ್ಟು ಹಟ ಯಾಕೆ? ಪಾರ್ವೋ ವೈರಸ್ ನಾಯಿಗಳಲ್ಲಿ ಹೊಸ ರೋಗವಾಗಿ ಗುರುತಾಗಿದ್ದು 1978ರ ಸುಮಾರಿಗೆ. ಒಂದೆರಡು ವರ್ಷದಲ್ಲೇ ಜಗತ್ತೆಲ್ಲ ಹಬ್ಬಿತು. ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ತೇವ ಇದ್ದರೆ ವರ್ಷದ ತನಕವೂ ಉಳಿಯುತ್ತದೆ. ಫಿನೈಲ್ ಹಾಕಿ ಒರೆಸಿದರೆ ಸಾಯುವಂಥದ್ದಲ್ಲ. ಬಟ್ಟೆಗೆ ಹಾಕುವ ಬ್ಲೀಚನ್ನು ಒಂದಕ್ಕೆ ಮೂವತ್ತು ಪಾಲು ನೀರಿಗೆ ಬೆರೆಸಿ, ನೆಲದ ಮೇಲೆ ಹತ್ತು ನಿಮಿಷವಾದರೂ ನಿಲ್ಲಿಸಬೇಕು. ಚಪ್ಪಲಿಗೆ ಅಂಟಿಕೊಂಡು ಮನೆಗೂ ಬರುತ್ತದೆ. 'ನಮ್ಮ ಮರಿ ಹೊರಗೇ ಹೋಗಿಲ್ಲ' ಅನ್ನುವವರ ಮನೆಯಲ್ಲೂ ಪಾರ್ವೋ ಕಾಣುವುದಕ್ಕೆ ಇದೇ ಕಾರಣ. ಬಂದ ಮೇಲೆ ವೈರಸ್ಸನ್ನೇ ಕೊಲ್ಲುವ ಮಾತ್ರೆ ಕೈಗೆ ಸಿಗುವಂತಿಲ್ಲ. ಡ್ರಿಪ್ ಹಾಕಿಕೊಂಡು, ವಾಂತಿ ನಿಲ್ಲಿಸಿಕೊಂಡು ಕಾಯಬೇಕು. ಖರ್ಚು ಸಾವಿರಗಳಲ್ಲಿ ಓಡುತ್ತದೆ.

ಡಿಸ್ಟೆಂಪರ್ ಇನ್ನೂ ಕ್ರೂರ. ಮೊದಲು ಜ್ವರ, ಕಣ್ಣು ಮೂಗಿನಲ್ಲಿ ಪಿಸುರು. ವಾಸಿಯಾಯಿತು ಅನ್ನುವಷ್ಟರಲ್ಲಿ ಫಿಟ್ಸ್, ಕಾಲು ಸೆಳೆತ. ಇದು ನಾಯಿಗಳಲ್ಲೇ ನಿಲ್ಲುವ ರೋಗವೂ ಅಲ್ಲ. 2018ರ ಸೆಪ್ಟೆಂಬರ್‌–ಅಕ್ಟೋಬರ್‌ನಲ್ಲಿ ಗುಜರಾತಿನ ಗಿರ್ ಕಾಡಿನ ಒಂದೇ ವಲಯದಲ್ಲಿ 23 ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕ ರೋಗಾಣುಗಳಲ್ಲಿ ಇದರ ವೈರಸ್ಸೂ ಒಂದು. ಉಳಿದ ಸಿಂಹಗಳಿಗೆ ಲಸಿಕೆಯನ್ನು ಹೊರದೇಶದಿಂದ ತರಿಸಬೇಕಾಯಿತು. ಬಂಡೀಪುರ, ನಾಗರಹೊಳೆ ಅಂಚಿನ ಹಳ್ಳಿಗಳಲ್ಲಿ ನಾಯಿಗಳಿಗೆ ಲಸಿಕೆ ಹಾಕುವುದು ಕಾಡುನಾಯಿಗಳ ಹಿತಕ್ಕೂ ಬೇಕು ಎನ್ನುವುದು ಇದರಿಂದಲೇ.

ಹದಿನಾರು ವಾರ ಮನೆಯಲ್ಲೇ ಕೂಡಿಹಾಕಬೇಕಾ?

ಇಲ್ಲಿ ಎರಡು ಹಿತಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಮರಿ ಜಗತ್ತಿಗೆ ಹೊಂದಿಕೊಳ್ಳುವ ವಯಸ್ಸು ಹೆಚ್ಚುಕಡಿಮೆ ಮೂರರಿಂದ ಹದಿನಾಲ್ಕು ವಾರ. ಸ್ಕೂಟರ್ ಸದ್ದು, ಮಕ್ಕಳ ಕಿರುಚಾಟ, ಹೆಲ್ಮೆಟ್ ಹಾಕಿದ ಮನುಷ್ಯ, ಇವನ್ನೆಲ್ಲ ಆಗ ನೋಡದಿದ್ದರೆ ಮುಂದೆ ಹೆದರುಪುಕ್ಕ ಆಗುತ್ತದೆ. ಹೆದರಿದ ನಾಯಿ ಕಚ್ಚುತ್ತದೆ. ಕಚ್ಚುವ ನಾಯಿಯನ್ನು ಜನ ಬೀದಿಗೆ ಬಿಡುತ್ತಾರೆ. ಹಾಗಾಗಿ ನಾಲ್ಕು ತಿಂಗಳು ರೂಮಿನಲ್ಲಿ ಕೂಡಿಹಾಕುವುದು ಪರಿಹಾರವೇ ಅಲ್ಲ. ಎತ್ತಿಕೊಂಡು ಓಡಾಡಿ. ಬೈಕಿನ ಮೇಲೆ ಬ್ಯಾಗಿನಲ್ಲಿ ಕೂರಿಸಿಕೊಂಡು ತರಕಾರಿ ಮಾರುಕಟ್ಟೆ ತೋರಿಸಿ. ಲಸಿಕೆ ಆಗಿರುವ, ಆರೋಗ್ಯವಾಗಿರುವ ದೊಡ್ಡ ನಾಯಿ ಇರುವ ಗೆಳೆಯರ ಮನೆಗೆ ಕರೆದುಕೊಂಡು ಹೋಗಿ. ಬೇಡದ್ದು ಬೀದಿ ಬದಿಯ ಮಣ್ಣು, ಪಾರ್ಕಿನ ಹುಲ್ಲು, ಆಸ್ಪತ್ರೆಯ ನೆಲ. ಆಸ್ಪತ್ರೆಯಲ್ಲಂತೂ ಮರಿಯನ್ನು ಕೆಳಗೆ ಬಿಡಲೇಬೇಡಿ. ಪಕ್ಕದಲ್ಲಿ ಯಾವ ಕಾಯಿಲೆಯ ನಾಯಿ ಕೂತು ಎದ್ದು ಹೋಗಿದೆಯೋ ಯಾರಿಗೆ ಗೊತ್ತು?

ಫ್ರಿಜ್ಜಿನಿಂದ ಸಿರಿಂಜಿನ ತನಕ

ವಾರದ ಲೆಕ್ಕ ಸರಿ ಇದ್ದರೂ ಲಸಿಕೆ ಸೋಲಲು ಇನ್ನೊಂದು ದಾರಿ ಇದೆ. ಅದು ಬಿಸಿ. ಈ ಬಾಟಲಿಗಳು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮೆಡಿಕಲ್ ಶಾಪಿನಲ್ಲಿ ಕೊಂಡು, ಜೇಬಿನಲ್ಲಿಟ್ಟುಕೊಂಡು, ಏಪ್ರಿಲ್ ಬಿಸಿಲಲ್ಲಿ ಕಲಬುರಗಿಯ ರಸ್ತೆಯಲ್ಲಿ ಅರ್ಧ ಗಂಟೆ ಬಂದರೆ ಒಳಗಿನ ವೈರಸ್ ಎಷ್ಟು ಉಳಿದಿರುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಅತಿ ತಂಪೂ ಕೆಡಿಸುತ್ತದೆ. ರೇಬೀಸ್, ಇಲಿ ಜ್ವರದ ಲಸಿಕೆಗಳು ಸತ್ತ ರೋಗಾಣುಗಳಿಂದ ಮಾಡಿದ ದ್ರವ ಲಸಿಕೆಗಳು. ಫ್ರೀಜರಿನಲ್ಲಿ ಗಟ್ಟಿಯಾದರೆ ಅವು ಕೆಟ್ಟಂತೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅದೇ ಅಪಾಯ.

ಸಾಮಾನ್ಯವಾಗಿ ಎರಡು ಬಾಟಲಿ ಇರುತ್ತವೆ. ಒಂದರಲ್ಲಿ ಒಣಗಿಸಿದ ಬಿಳಿ ಬಿಲ್ಲೆ, ಇನ್ನೊಂದರಲ್ಲಿ ದ್ರವ. ಬೆರೆಸಿದ ಕೂಡಲೇ ಹಾಕಬೇಕು. ಬೆಳಗ್ಗೆ ಬೆರೆಸಿಟ್ಟು ಸಂಜೆ ಹಾಕುವಂತಿಲ್ಲ. ನಿಮ್ಮ ಕಣ್ಣೆದುರಿಗೇ ಬಾಟಲಿ ತೆಗೆದು ಬೆರೆಸಲು ಹೇಳಿ. ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬಾಟಲಿಯ ಸ್ಟಿಕ್ಕರನ್ನು ಪುಸ್ತಕಕ್ಕೆ ಅಂಟಿಸಿ, ತಾರೀಕು, ಬ್ಯಾಚ್ ನಂಬರ್, ಸಹಿ ಇದೆಯೇ ನೋಡಿಕೊಂಡೇ ಏಳಿ. ಮನೆಗೇ ಬಂದು ಕಡಿಮೆ ದುಡ್ಡಿಗೆ ಚುಚ್ಚಿ ಹೋಗುವ 'ನಾಯಿ ಡಾಕ್ಟರ್'ಗಳಲ್ಲಿ ಎಲ್ಲರೂ ಡಾಕ್ಟರಲ್ಲ. ಐಸ್ ಬಾಕ್ಸ್ ಇಲ್ಲದೆ ಬಂದವರನ್ನು ಬಾಗಿಲಲ್ಲೇ ಕಳಿಸಿದರೂ ತಪ್ಪಿಲ್ಲ.

'ನಮ್ಮದು ಪೊಮೇರಿಯನ್, ಎರಡು ಕೆಜಿ ಇಲ್ಲ, ಅರ್ಧ ಡೋಸ್ ಸಾಕಲ್ವಾ?' ಸಾಲದು. ಲಸಿಕೆ ತೂಕದ ಮೇಲೆ ಲೆಕ್ಕ ಹಾಕುವ ಔಷಧಿ ಅಲ್ಲ. ಮೈಯ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸಲು ಬೇಕಾದ ಕನಿಷ್ಠ ಪ್ರಮಾಣ ಗ್ರೇಟ್ ಡೇನಿಗೂ ಪೊಮೇರಿಯನ್ನಿಗೂ ಒಂದೇ.

ಆದರೂ ಚಿಕ್ಕ ನಾಯಿಗಳ ಬಗ್ಗೆ ಇರುವ ಭಯಕ್ಕೆ ಆಧಾರ ಇಲ್ಲದೆ ಇಲ್ಲ. ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಲಸಿಕೆಯಾದ ಮೂರು ದಿನದೊಳಗೆ ಏನಾದರೂ ಅಡ್ಡಪರಿಣಾಮ ಕಂಡದ್ದು 10,000 ನಾಯಿಗೆ ಸುಮಾರು 38ರಲ್ಲಿ. ಅಂದರೆ ತೀರಾ ವಿರಳ. ಆದರೆ ಮೈ ಚಿಕ್ಕದಾದಷ್ಟೂ, ಒಂದೇ ದಿನ ಹಾಕಿದ ಲಸಿಕೆಗಳ ಸಂಖ್ಯೆ ಜಾಸ್ತಿಯಾದಷ್ಟೂ ಈ ಪ್ರಮಾಣ ಏರಿತ್ತು. ಇದರಿಂದ ಕಲಿಯಬೇಕಾದ್ದು ಡೋಸ್ ಕಡಿಮೆ ಮಾಡಿ ಎಂದಲ್ಲ. ಎರಡು ಮೂರು ಕೆಜಿಯ ನಾಯಿಗೆ ಸೆವೆನ್ ಇನ್ ಒನ್ (ಹಲವು ರೋಗಗಳಿಗೆ ಒಂದೇ ಚುಚ್ಚಿನ ಲಸಿಕೆ), ರೇಬೀಸ್, ಕೆಮ್ಮಿನ ಲಸಿಕೆ ಮೂರನ್ನೂ ಒಂದೇ ದಿನ ಹಾಕಿಸುವ ಬದಲು ಎರಡು ಮೂರು ವಾರ ಬಿಟ್ಟು ಹಾಕಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಒಂದು ದಿನ ಮಂಕಾಗಿ ಮಲಗುವುದು, ಊಟ ಕಮ್ಮಿ ಮಾಡುವುದು, ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು, ಇವೆಲ್ಲ ಮಾಮೂಲು. ಮುಖ, ಕಣ್ಣಿನ ಸುತ್ತ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ ಕೂಡಲೇ ವಾಪಸ್ ಹೋಗಿ. ನಾಯಿಗಳಲ್ಲಿ ತೀವ್ರ ಅಲರ್ಜಿ ಉಸಿರಾಟಕ್ಕಿಂತ ಮೊದಲು ಹೊಟ್ಟೆಯಲ್ಲಿ ತೋರುವುದು ಹೆಚ್ಚು. ಚುಚ್ಚಿದ ಸ್ವಲ್ಪ ಹೊತ್ತಿಗೇ ವಾಂತಿ, ಭೇದಿ, ವಸಡು ಬಿಳಿಚಿ ಕುಸಿದು ಬಿದ್ದರೆ ನಿಮಿಷಗಳ ಲೆಕ್ಕ. 'ಪ್ರಯಾಣದ ಸುಸ್ತು' ಅಂದುಕೊಂಡು ಕೂರಬಾರದು. ಇದಕ್ಕೇ ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯ ಆಸುಪಾಸಿನಲ್ಲೇ ಇರಬೇಕು ಅನ್ನುವುದು. ಸಂಜೆ ಏಳೂವರೆಗೆ, ಬಾಗಿಲು ಹಾಕುವ ಹೊತ್ತಿಗೆ ಹೋಗುವುದಕ್ಕಿಂತ ಬೆಳಗ್ಗೆ ಹೋದರೆ ಒಳ್ಳೆಯದು.

ಜ್ವರ, ಭೇದಿ ಇರುವ ಮರಿಗೆ ಅವತ್ತು ಲಸಿಕೆ ಬೇಡ. ಜಂತುಹುಳದ ಔಷಧಿ ಎರಡನೇ ವಾರದಿಂದಲೇ ಶುರುವಾಗಿ, ಎರಡು ವಾರಕ್ಕೊಮ್ಮೆ ನಡೆದುಕೊಂಡು ಬಂದಿರಬೇಕು. ಗಬ್ಬದ ನಾಯಿಗೆ ಜೀವಂತ ವೈರಸ್ಸಿನ ಲಸಿಕೆ ಹಾಕಿಸುವುದಿಲ್ಲ. ಮರಿ ಹಾಕಿಸುವ ಯೋಚನೆ ಇದ್ದರೆ ತಾಯಿಯ ಲಸಿಕೆ ಮೊದಲೇ ಮುಗಿದಿರಲಿ.

ಏಳೋ, ಒಂಬತ್ತೋ, ಹನ್ನೊಂದೋ

ದೊಡ್ಡ ಸಂಖ್ಯೆ ಅಂದರೆ ದೊಡ್ಡ ರಕ್ಷಣೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಸೆವೆನ್ ಇನ್ ಒನ್‌ಗಿಂತ ನೈನ್ ಇನ್ ಒನ್ ಮೇಲು ಎಂದು ಜಾಸ್ತಿ ದುಡ್ಡು ಕೊಡುತ್ತೇವೆ. ಹೆಚ್ಚಿನ ಅಂಕಿ ಬರುವುದು ಬಹುಪಾಲು ಇಲಿ ಜ್ವರದ ಬೇರೆ ಬೇರೆ ಬಗೆಗಳಿಂದ, ಕೆಲವು ಸಲ ನಾಯಿ ಕೊರೋನಾ ಸೇರಿಸುವುದರಿಂದ. ಈ ಕೊರೋನಾಗೂ ಕೋವಿಡ್‌ಗೂ ಸಂಬಂಧವಿಲ್ಲ. ಆ ಲಸಿಕೆಯನ್ನು ಡಬ್ಲ್ಯೂಎಸ್‌ಎವಿಎ ಶಿಫಾರಸು ಮಾಡುವುದೇ ಇಲ್ಲ.

ಇಲಿ ಜ್ವರದ ಮಾತು ಬೇರೆ. ಕರಾವಳಿ, ಮಲೆನಾಡು, ಮಳೆಗಾಲದಲ್ಲಿ ನೀರು ನಿಲ್ಲುವ ಬೆಂಗಳೂರಿನ ಬಡಾವಣೆಗಳಲ್ಲಿ ಇಲಿ ಮೂತ್ರ ಬೆರೆತ ನೀರಿನಿಂದ ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ಮನೆಯವರಿಗೂ ಬರಬಹುದು. ಲಿವರ್, ಕಿಡ್ನಿ ಎರಡಕ್ಕೂ ಕೈ ಹಾಕುತ್ತದೆ. ಇದಕ್ಕೆ ಶುರುವಿನಲ್ಲಿ 2–4 ವಾರ ಅಂತರದ ಎರಡು ಡೋಸ್ ಬೇಕೇ ಬೇಕು, ಆಮೇಲೆ ಪ್ರತಿ ವರ್ಷ. ಪಾರ್ವೋ, ಡಿಸ್ಟೆಂಪರ್ ಹಾಗಲ್ಲ. ಮರಿಯಲ್ಲಿ ಸರಿಯಾಗಿ ಹಿಡಿದರೆ ರಕ್ಷಣೆ ವರ್ಷಗಟ್ಟಲೆ ನಿಲ್ಲುತ್ತದೆ. ಮೂರು ವರ್ಷಕ್ಕಿಂತ ಬೇಗ ಮತ್ತೆ ಹಾಕುವ ಅಗತ್ಯವಿಲ್ಲ ಎನ್ನುತ್ತದೆ ಜಾಗತಿಕ ಮಾರ್ಗಸೂಚಿ. ನಮ್ಮಲ್ಲಿ ಪ್ರತಿ ವರ್ಷ ಪೂರ್ತಿ ಕಾಂಬೋ ಹಾಕುವುದು ರೂಢಿ. ಡಾಕ್ಟರುಗಳದು ದುಡ್ಡಿನಾಸೆ ಎಂದು ಸುಮ್ನೆ ಬೈಯುವವರಿದ್ದಾರೆ. ಅದು ಪೂರ್ತಿ ನ್ಯಾಯವಲ್ಲ. ಇಲಿ ಜ್ವರದ ಲಸಿಕೆ ಬೇರೆಯಾಗಿ ಎಲ್ಲ ಊರಿನಲ್ಲೂ ಸಿಗುವುದಿಲ್ಲ, ಮರಿಯಾಗಿದ್ದಾಗ ಏನು ಬಿದ್ದಿತ್ತು ಎಂಬ ದಾಖಲೆಯೂ ಎಷ್ಟೋ ಸಲ ಇರುವುದಿಲ್ಲ. 'ಈ ವರ್ಷ ಇಲಿ ಜ್ವರ, ರೇಬೀಸ್ ಮಾತ್ರ ಸಾಕಾ?' ಎಂದು ಕೇಳುವ ಹಕ್ಕು ಮಾತ್ರ ನಿಮಗಿದೆ. ವರ್ಷದ ಭೇಟಿಯನ್ನು ತಪ್ಪಿಸಬೇಡಿ. ಹಲ್ಲು, ಹೃದಯ, ತೂಕ ನೋಡುವುದಕ್ಕಾದರೂ ಅದು ಬೇಕು.

ರೇಬೀಸ್: ಮನೆಯ ಲೆಕ್ಕ, ಊರಿನ ಲೆಕ್ಕ

ಉಳಿದ ಲಸಿಕೆ ನಿಮ್ಮ ನಾಯಿಯ ಜೀವಕ್ಕೆ. ರೇಬೀಸ್ ಲಸಿಕೆ ನಿಮ್ಮ ಬೀದಿಯ ಜನರ ಜೀವಕ್ಕೂ ಸೇರಿ. ಸಾಕಿದ ಮರಿಗೆ 12 ವಾರ ತುಂಬಿದ ಮೇಲೆ ಮೊದಲ ಡೋಸ್, ವರ್ಷಕ್ಕೆ ಇನ್ನೊಂದು, ಆಮೇಲೆ ಬಾಟಲಿಯ ಮೇಲೆ ಬರೆದಂತೆ ಮತ್ತು ಪಾಲಿಕೆಯ ನಿಯಮದಂತೆ. ಹಾಕಿದ ದಿನವೇ ರಕ್ಷಣೆ ಬಂದುಬಿಡುವುದಿಲ್ಲ, ನಾಲ್ಕು ವಾರ ಬಿಡಿ.

ಕರ್ನಾಟಕದಲ್ಲಿ 2024ರಲ್ಲಿ ನಾಯಿ ಕಡಿತದ ಪ್ರಕರಣಗಳು 3.6 ಲಕ್ಷ ದಾಟಿದವು, ರೇಬೀಸ್‌ನಿಂದ 42 ಸಾವು ವರದಿಯಾಯಿತು. ಮನುಷ್ಯರ ರೇಬೀಸ್ ಪ್ರಕರಣವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ರಾಜ್ಯ 2022ರಲ್ಲೇ ಅಧಿಸೂಚನೆ ಹೊರಡಿಸಿದೆ. 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬೀಸ್ ಸಾವನ್ನು ಇಲ್ಲವಾಗಿಸುವುದು 2021ರ ರಾಷ್ಟ್ರೀಯ ಯೋಜನೆಯ ಗುರಿ.

ಬೀದಿ ನಾಯಿಗಳ ಚರ್ಚೆ 2025ರಲ್ಲಿ ಹೇಗೆ ಕಾವೇರಿತು ಎಂದು ಎಲ್ಲರಿಗೂ ನೆನಪಿದೆ. ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಲಿನ ಬೀದಿ ನಾಯಿಗಳನ್ನು ಹಿಡಿದು ಆಶ್ರಯತಾಣದಲ್ಲಿಡಿ ಎಂದಿತು. 22ರಂದು ಮೂವರ ಪೀಠ ಅದನ್ನು ತಿದ್ದಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಡಬೇಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬಾರದು ಎಂಬ ಆದೇಶವೂ ಬಂತು. ಎಲ್ಲಿಡಬೇಕು ಎಂಬ ಜಗಳದಲ್ಲಿ ಲಸಿಕೆಯ ಲೆಕ್ಕ ಮೂಲೆಗೆ ಸರಿಯಿತು.

ಒಂದು ಊರಿನ ನಾಯಿಗಳಲ್ಲಿ ಶೇ. 70ರಷ್ಟಕ್ಕೆ ಲಸಿಕೆ ಆಗಿದ್ದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎನ್ನುವುದು ಎಲ್ಲರೂ ಒಪ್ಪಿರುವ ಲೆಕ್ಕ. ಒಮ್ಮೆ 70 ಮುಟ್ಟಿದರೆ ಮುಗಿಯಿತೇ? ಬೀದಿ ನಾಯಿಯ ಆಯಸ್ಸು ಕಡಿಮೆ. ಲಸಿಕೆ ಆದವು ಸಾಯುತ್ತಾ ಹೋಗುತ್ತವೆ, ಲಸಿಕೆ ಇಲ್ಲದ ಮರಿಗಳು ಹುಟ್ಟುತ್ತಾ ಹೋಗುತ್ತವೆ. ವರ್ಷ ತುಂಬುವಷ್ಟರಲ್ಲಿ ಪ್ರಮಾಣ ತಾನಾಗಿಯೇ ಕುಸಿದಿರುತ್ತದೆ. ಮನೆಯ ಮರಿಯಲ್ಲಿ ನಾವು ವಾರದ ಲೆಕ್ಕ ತಪ್ಪುತ್ತೇವೆ, ಊರಿನ ವಿಷಯದಲ್ಲಿ ವರ್ಷದ ಲೆಕ್ಕ ತಪ್ಪುತ್ತೇವೆ. ಬೆಂಗಳೂರಿನಲ್ಲಿ 2023ರ ಸಮೀಕ್ಷೆ ಎಣಿಸಿದ ಬೀದಿ ನಾಯಿಗಳು ಸುಮಾರು 2.79 ಲಕ್ಷ. ಅವುಗಳಲ್ಲಿ ಶೇ. 70 ಅಂದರೆ ಎರಡು ಲಕ್ಷದ ಹತ್ತಿರ. ಅಷ್ಟನ್ನು ಪ್ರತಿ ವರ್ಷ ಮುಟ್ಟಬೇಕು.

ಆಗದ ಕೆಲಸವೇನಲ್ಲ. ಪಕ್ಕದ ಗೋವಾದಲ್ಲಿ ಸರ್ಕಾರ ಮತ್ತು ಮಿಷನ್ ರೇಬೀಸ್ ಸಂಸ್ಥೆ ಸೇರಿ ವರ್ಷಕ್ಕೆ ಒಂದು ಲಕ್ಷದ ಹತ್ತಿರ ನಾಯಿಗಳಿಗೆ ಲಸಿಕೆ ಹಾಕಿದವು. ಬೀದಿಯಲ್ಲಿ ಬಲೆ ಹಿಡಿದು, ಹಾಕಿದ ನಾಯಿಗೆ ಬಣ್ಣ ಬಳಿದು, ಮೊಬೈಲ್ ಆಪಿನಲ್ಲಿ ಜಾಗ ಗುರುತು ಮಾಡುತ್ತಾ ಹೋದವು. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಾಯಿಗಳಲ್ಲಿ ತಿಂಗಳ ರೇಬೀಸ್ ಪ್ರಕರಣ ಶೇ. 92 ಇಳಿಯಿತು, ಮನುಷ್ಯರ ಸಾವು ಸೊನ್ನೆಗೆ ಬಂತು. ಗೋವಾ ಸಣ್ಣದು ನಿಜ. ಆದರೆ ನಮ್ಮ ಒಂದೊಂದು ಜಿಲ್ಲೆ ಗೋವಾದಷ್ಟು ದೊಡ್ಡದಲ್ಲವೇ? ಜಿಲ್ಲೆಗೊಂದು ತಂಡ ಎಂದು ಯೋಚಿಸಿದರೆ ಲೆಕ್ಕ ಅಷ್ಟೇನೂ ಹೆದರಿಸುವುದಿಲ್ಲ.

ಇಲ್ಲಿ ಮರಿಗಳ ವಯಸ್ಸಿನ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಸಾಕಿದ ಮರಿಗೆ 12 ವಾರ ಕಾಯಿರಿ ಎಂದೆ. ಬೀದಿಯ ಸಾಮೂಹಿಕ ಲಸಿಕೆಯಲ್ಲಿ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಮೂರು ತಿಂಗಳು ತುಂಬದ ಮರಿಗಳಿಗೂ ಹಾಕಿ ಅನ್ನುತ್ತದೆ. ಎರಡೂ ಸರಿ. ಮನೆಯ ಮರಿ ಮುಂದಿನ ತಿಂಗಳೂ ಮನೆಯಲ್ಲೇ ಇರುತ್ತದೆ, ಕಾಯಬಹುದು. ಚರಂಡಿ ಪಕ್ಕದ ಮರಿ ಮತ್ತೆ ಕೈಗೆ ಸಿಗುವುದು ಮುಂದಿನ ವರ್ಷ, ಬದುಕಿದ್ದರೆ. ಸಿಕ್ಕ ದಿನವೇ ಹಾಕುವುದು ಜಾಣತನ. ಬೀದಿ ನಾಯಿಗಳ ಸಂತಾನಹರಣದ ಎಬಿಸಿ ಕಾರ್ಯಕ್ರಮ ಮುಖ್ಯವಾಗಿ ನೋಡುವುದು ಶಸ್ತ್ರಚಿಕಿತ್ಸೆಗೆ ಬರುವ ಬೆಳೆದ ನಾಯಿಗಳನ್ನು. ಮರಿಗಳು ಹಾಗೇ ಉಳಿದುಬಿಡುತ್ತವೆ, ಮಕ್ಕಳು ಎತ್ತಿ ಆಡಿಸುವುದೂ ಅವನ್ನೇ.

ಮರಿ ಕಚ್ಚಿದರೆ ಏನಾಗುತ್ತೆ ಅನ್ನುವವರಿಗೆ ಉತ್ತರ ಪ್ರದೇಶದ ಬುಲಂದಶಹರದ ಘಟನೆ ಸಾಕು. 2025ರಲ್ಲಿ ಅಲ್ಲಿನ ಯುವ ಕಬಡ್ಡಿ ಆಟಗಾರನೊಬ್ಬ ಚರಂಡಿಗೆ ಬಿದ್ದ ಮರಿಯನ್ನು ಎತ್ತಲು ಹೋಗಿ ಕಚ್ಚಿಸಿಕೊಂಡ. ಸಣ್ಣ ಗಾಯ ಎಂದು ಲಸಿಕೆ ತೆಗೆದುಕೊಳ್ಳಲಿಲ್ಲ. ಕೆಲವು ವಾರಗಳ ನಂತರ ರೇಬೀಸ್‌ನಿಂದ ತೀರಿಕೊಂಡ. ಮರಿಯೇ ಇರಲಿ, ಲಸಿಕೆಯಾದ ಸಾಕುನಾಯಿಯೇ ಇರಲಿ, ಕಚ್ಚಿ ಅಥವಾ ಪರಚಿ ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾರದ ಪುಡಿ ಯಾವುದೂ ಬೇಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಪುಕ್ಕಟೆ.

ನಾಯಿಯ ಜೊತೆ ಹೊರದೇಶಕ್ಕೆ ಹೊರಟವರಿಗೆ ಒಂದು ಮಾತು. ಯುರೋಪಿನ ದೇಶಗಳು ಭಾರತದಿಂದ ಬರುವ ನಾಯಿಗೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ ಎಂಬ ಕ್ರಮ ಕೇಳುತ್ತವೆ. ಲಸಿಕೆಯಾದ 30 ದಿನದ ನಂತರ ರಕ್ತಪರೀಕ್ಷೆ, ಅದರಲ್ಲಿ ಪಾಸಾದರೆ ಮತ್ತೆ ಮೂರು ತಿಂಗಳು ಕಾಯುವುದು. ಚಿಪ್ ಹಾಕುವ ಮೊದಲು ಬಿದ್ದ ಡೋಸ್ ಅವರ ಲೆಕ್ಕಕ್ಕೆ ಬರುವುದಿಲ್ಲ. ಟಿಕೆಟ್ ಬುಕ್ ಮಾಡಿದ ಮೇಲೆ ಇದು ಗೊತ್ತಾಗಿ ಪರದಾಡುವವರು ತುಂಬ ಜನ.

ತಪ್ಪಿಹೋಗಿದ್ದರೆ

ಪುಸ್ತಕ ತೆಗೆದು ನೋಡಿದಾಗ ನಿಮ್ಮ ಮರಿಯ ಕೊನೆಯ ಡೋಸ್ ಹತ್ತನೇ ವಾರಕ್ಕೇ ನಿಂತಿದ್ದರೆ ಗಾಬರಿ ಬೇಡ, ಮೊದಲಿನಿಂದ ಶುರು ಮಾಡುವುದೂ ಬೇಡ. ಮರಿಗೆ ಈಗ 16 ವಾರ ದಾಟಿದ್ದರೆ ಪಾರ್ವೋ, ಡಿಸ್ಟೆಂಪರ್‌ಗೆ ಈಗ ಹಾಕುವ ಒಂದು ಡೋಸ್ ಹಿಂದಿನ ಮೂರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಖಾತ್ರಿಗೆಂದು ಕೆಲವು ಡಾಕ್ಟರುಗಳು ಎರಡು ಹಾಕುತ್ತಾರೆ. ಇಲಿ ಜ್ವರದ್ದು ಬಹಳ ಕಾಲ ಬಿಟ್ಟುಹೋಗಿದ್ದರೆ ಮತ್ತೆ ಎರಡು ಡೋಸ್ ಆಗಬೇಕು. ಬೀದಿಯಿಂದ ತಂದ, ಪುಸ್ತಕವೇ ಇಲ್ಲದ ನಾಯಿಯನ್ನು ಲಸಿಕೆಯೇ ಆಗಿಲ್ಲದ ನಾಯಿ ಎಂದು ಹಿಡಿಯಿರಿ. ಹಿಂದೆ ಬಿದ್ದಿದ್ದರೂ ಇನ್ನೊಮ್ಮೆ ಬಿದ್ದರೆ ಹಾನಿಯಿಲ್ಲ. ದುಡ್ಡಿನ ಅಡಚಣೆ ಇದ್ದರೆ ರೇಬೀಸ್ ಲಸಿಕೆಗೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ವಿಶ್ವ ರೇಬೀಸ್ ದಿನವಾದ ಸೆಪ್ಟೆಂಬರ್ 28ರ ಸುಮಾರಿಗೆ ಎಷ್ಟೋ ಊರುಗಳಲ್ಲಿ ಉಚಿತ ಶಿಬಿರ ನಡೆಯುತ್ತದೆ. ಮರಿಗೆ 12 ವಾರ ತುಂಬುವುದು ಜೂನ್‌ನಲ್ಲಾದರೆ ಅಲ್ಲಿಯ ತನಕ ಕಾಯಬೇಡಿ.